ಕೂರಿಗೆಯಲ್ಲಿ ಬಿತ್ತಿದ ಸಿಟ್ಟು

ಪ್ರಶ್ನೆ: ನಮ್ಮ ಅಣ್ಣನ ಮಗಳು ಜಾನಪದ ಹಾಡು ಹಾಡ್ತಾಳ್ರಿ. ಯಾದಗಿರಿ, ಕಲಬುರಗಿ ಕಡೀ ಮಂದಿ ಯೂಟ್ಯೂಬಿನಾಗ ಆಕೀ ಹಾಡು ಭಾಳ ಕೇಳ್ತಾರ. ಹೋದ ವಾರ ಇನ್ನೊಬ್ಬ ದೊಡ್ಡ ಹೆಸರಿನ ಗಾಯಕ 'ನನ್ನ ಧಾಟಿ ಕದ್ದಾಳ' ಅಂತ ವಿಡಿಯೊ ಬಿಟ್ಟ. ಮೂರೇ ದಿನದಾಗ ಆಕೀ ಎಲ್ಲಾ ಹಾಡಿನ ಕೆಳಗ ಬೈಗುಳ, ಟ್ರೋಲ್ ಪೇಜಿನಾಗ ಆಕೀ ಫೋಟೊ. ಸಿನಿಮಾದವರ ಜಗಳದಾಗ ರೊಕ್ಕ ಕೊಟ್ಟು ಹಿಂಗ ಮಾಡಿಸ್ತಾರಂತ ಕೇಳಿದ್ದೆ. ಇದು ಮಂದಿ ಸಿಟ್ಟೋ, ರೊಕ್ಕದ ಸಿಟ್ಟೋ ಹ್ಯಾಂಗ ತಿಳಿಯೋದು? ಪೊಲೀಸರ ಹತ್ರ ಹೋದ್ರ ಏನರೆ ಆಗ್ತದೇನು? ಒಬ್ಬಾಂವ ಫೋನ್ ಮಾಡಿ 'ಪ್ಯಾಕೇಜ್ ತಗೋರಿ, ನಾಲ್ಕು ದಿನದಾಗ ಎಲ್ಲಾ ತಿರುಗಿಸ್ತೀವಿ' ಅಂದಾನ, ವಾಟ್ಸ್ಯಾಪಿಗೆ ರೇಟ್ ಕಾರ್ಡೂ ಹಾಕ್ಯಾನ. ಅಣ್ಣ ಕೊಡ್ಲಿಕ್ಕ ತಯಾರಾಗ್ಯಾನ. ಕೊಡಬೇಕೇನ್ರಿ?
— ಶಹಾಪುರ ತಾಲೂಕಿನ ಓದುಗರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಕೊಡಬೇಡಿ. ಆ ಮನುಷ್ಯನ ಮೆಸೇಜನ್ನು ಅಳಿಸಲೂ ಬೇಡಿ. ಅದರ ಕಾರಣ ಕೊನೆಗೆ ಬರುತ್ತದೆ. ಅಣ್ಣನವರ ಕೈಯನ್ನು ಇವತ್ತೇ ತಡೆಯಬೇಕಾದ್ದರಿಂದ ಇದನ್ನು ಮೊದಲು ಹೇಳಿದೆ.

ಮಳೆ ಬಿದ್ದ ಮೇಲೆ ನಿಮ್ಮ ಹೊಲದ ಬದುವಿನಲ್ಲಿ ಹುಲ್ಲು ಹುಟ್ಟುವುದನ್ನು ನೋಡಿರುತ್ತೀರಿ. ಒಂದು ಕಡೆ ದಟ್ಟ, ಇನ್ನೊಂದು ಕಡೆ ಬೋಳು, ನಾಲ್ಕು ಜಾತಿ, ನಾಲ್ಕು ಎತ್ತರ. ಕೂರಿಗೆ ಹೂಡಿ ಬಿತ್ತಿದ ತೊಗರಿ ಹಾಗಲ್ಲ. ಎಲ್ಲ ಒಟ್ಟಿಗೆ ಮೊಳೆಯುತ್ತದೆ, ಒಂದೇ ಎತ್ತರ ಬೆಳೆಯುತ್ತದೆ, ಸಾಲಿನಿಂದ ಸಾಲಿಗೆ ಅಷ್ಟೇ ಅಂತರ. ಜನರ ಸಿಟ್ಟು ಬದುವಿನ ಹುಲ್ಲಿನ ಹಾಗೆ, ದುಡ್ಡಿನ ಸಿಟ್ಟು ಕೂರಿಗೆ ಸಾಲಿನ ಹಾಗೆ. ಅಮೆರಿಕದಲ್ಲಿ ಇದಕ್ಕೆ ಆಸ್ಟ್ರೋಟರ್ಫಿಂಗ್ ಎಂಬ ಹೆಸರು ಬಿದ್ದದ್ದೂ ಹುಲ್ಲಿನಿಂದಲೇ. ಆಸ್ಟ್ರೋಟರ್ಫ್ ಅಂದರೆ ಮೈದಾನಕ್ಕೆ ಹಾಸುವ ಪ್ಲಾಸ್ಟಿಕ್ ಹುಲ್ಲಿನ ಬ್ರಾಂಡ್. 1985ರಲ್ಲಿ ಟೆಕ್ಸಾಸ್‌ನ ಸೆನೆಟರ್ ಲಾಯ್ಡ್ ಬೆಂಟ್ಸನ್ ತಮ್ಮ ಕಚೇರಿಗೆ ರಾಶಿ ರಾಶಿ ಬಂದ 'ಜನರ ಪತ್ರ'ಗಳ ಹಿಂದೆ ವಿಮೆ ಉದ್ಯಮ ಇದೆ ಎಂದು ಕಂಡುಕೊಂಡು, ಅದು ನೆಲದಲ್ಲಿ ಹುಟ್ಟಿದ ಹುಲ್ಲಲ್ಲ, ಆಸ್ಟ್ರೋಟರ್ಫ್ ಅಂದಿದ್ದರು. ಹಾಗಾಗಿ ಕಮೆಂಟು ಎಷ್ಟು ಕೆಟ್ಟದಾಗಿದೆ ಎಂದು ನೋಡಬೇಡಿ. ನಮ್ಮ ಮಂದಿ ನಿಜವಾಗಿ ಸಿಟ್ಟಾದಾಗಲೂ ಕೆಟ್ಟದಾಗಿಯೇ ಬೈಯುತ್ತಾರೆ. ಸಾಲು ಇದೆಯೇ ಎಂದು ನೋಡಿ.

ನಕಲಿ ಅಂದರೆ ಎಲ್ಲವೂ ಯಂತ್ರ ನಡೆಸುವ ಖಾತೆ, ಲಕ್ಷಗಟ್ಟಲೆ ಬಾಟ್ ಎಂದು ಹಲವರು ತಿಳಿದಿದ್ದಾರೆ. ಅಷ್ಟು ಬೇಕಾಗುವುದೇ ಇಲ್ಲ. 2021ರ ಅಕ್ಟೋಬರ್‌ನಲ್ಲಿ ಬಾಟ್ ಸೆಂಟಿನೆಲ್ ಎಂಬ ಸಂಸ್ಥೆ ಬ್ರಿಟನ್ನಿನ ರಾಜಕುಮಾರ ಹ್ಯಾರಿ ಮತ್ತು ಮೇಘನ್ ಮಾರ್ಕಲ್ ಕುರಿತ 1,14,000 ಟ್ವೀಟ್‌ಗಳನ್ನು ಜಾಲಾಡಿತು. ದ್ವೇಷದ ಮೂಲ ಬರಹದಲ್ಲಿ ಸುಮಾರು ಶೇ 70ರಷ್ಟು ಬಂದದ್ದು 83 ಖಾತೆಗಳಿಂದ. ಒಂದು ಬಸ್ಸಿನಲ್ಲಿ ಹಿಡಿಯುವಷ್ಟು ಮಂದಿ ಇಡೀ ಲೋಕವೇ ಬೈಯುತ್ತಿದೆ ಎಂಬ ಹಾಗೆ ಕಾಣಿಸಬಲ್ಲರು. ಬೀಜ ಅವರದು, ಆಮೇಲೆ ಬೆಳೆಸುವವರು ನಿಜವಾದ ಜನ. ದುಡ್ಡಿನ ಕೆಲಸ ಹೆಚ್ಚಾಗಿ ಮೊದಲ ಒಂದೆರಡು ದಿನದಲ್ಲೇ ಮುಗಿಯುತ್ತದೆ. ಆದ್ದರಿಂದಲೇ ಹತ್ತನೇ ದಿನ ಕಮೆಂಟ್ ನೋಡಿ 'ಇವರೆಲ್ಲ ನಿಜವಾದ ಮಂದಿ ಇದ್ದಾರಲ್ಲ' ಅನಿಸಿದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ನೋಡಬೇಕಾದದ್ದು ಮೊದಲ 48 ತಾಸು.

ಸೆಲೆಬ್ರಿಟಿಗಳ ಜಗಳದಲ್ಲಿ ಇದು ನಡೆಯುವ ಕ್ರಮ ಬಹುಮಟ್ಟಿಗೆ ಒಂದೇ. ಬುಡದಲ್ಲಿ ಒಂದು ನಿಜದ ಕಾಳು ಇರುತ್ತದೆ. ಪೂರ್ತಿ ಸುಳ್ಳು ಬಹಳ ದೂರ ಓಡುವುದಿಲ್ಲ. ಎಂದೋ ಕೊಟ್ಟ ಸಂದರ್ಶನದಿಂದ ಹತ್ತು-ಹದಿನೈದು ಸೆಕೆಂಡ್ ಕತ್ತರಿಸುತ್ತಾರೆ. ಅದರ ಮುಂಚಿನ ಪ್ರಶ್ನೆಯೂ ಹೋಗುತ್ತದೆ, ನಂತರದ ನಗುವೂ ಹೋಗುತ್ತದೆ. ಆ ತುಣುಕು ಮೂರು-ನಾಲ್ಕು ಟ್ರೋಲ್ ಪೇಜಿಗೆ ಒಂದೇ ರಾತ್ರಿ ಹೋಗುತ್ತದೆ. ಬೇರೆ ಬೇರೆ ಹೆಸರಿದ್ದರೂ ಆ ಪೇಜುಗಳ ಅಡ್ಮಿನ್ ಒಬ್ಬನೇ ಇರುವುದುಂಟು. ಬೆಳಗ್ಗೆ ಕಮೆಂಟು, ಮಧ್ಯಾಹ್ನ ಯಾವುದೋ ಚಾನೆಲಿನಲ್ಲಿ 'ನೆಟ್ಟಿಗರು ಗರಂ' ಎಂಬ ಸುದ್ದಿ. ಸಂಜೆ ಅದೇ ಸುದ್ದಿಯ ಸ್ಕ್ರೀನ್‌ಶಾಟು 'ನೋಡಿ, ಪೇಪರಿನವರೂ ಬರೆದಿದ್ದಾರೆ' ಎಂದು ಅದೇ ಪೇಜಿಗೆ ವಾಪಸ್ ಬರುತ್ತದೆ. ತಾವೇ ಬಿತ್ತಿದ್ದನ್ನು ತಾವೇ ಸಾಕ್ಷಿಯಾಗಿ ತೋರಿಸುವ ಈ ಸುತ್ತು ಇಡೀ ದಂಧೆಯ ಬೆನ್ನೆಲುಬು. 'ನೆಟ್ಟಿಗರು' ಎಂದು ಬರೆದ ವರದಿಗಾರರಿಗೆ ಎಷ್ಟು ನೆಟ್ಟಿಗರು, ಯಾವ ಖಾತೆಗಳು ಎಂದು ಫೋನ್ ಮಾಡಿ ಕೇಳಿ. ಕೇಳುವ ಹಕ್ಕು ನಿಮಗಿದೆ.

ಈಗ ನಿಮ್ಮ ಸಾಲು ಹುಡುಕೋಣ. ನೀವು ಕಳಿಸಿದ ಸ್ಕ್ರೀನ್‌ಶಾಟ್‌ಗಳಲ್ಲೇ ಒಂದು ವಾಕ್ಯ ಇದೆ: 'ಇಂಥ ನಕಲಿ ಕಲಾವಿಧರಿಂದ ಜಾನಪದಕ್ಕೆ ಕಳಂಕ..' ಕಲಾವಿದ ಎಂದಿರಬೇಕಾದ ಕಡೆ ಮಹಾಪ್ರಾಣದ 'ಧ' ಬಿದ್ದಿದೆ, ಕೊನೆಗೆ ಎರಡೇ ಚುಕ್ಕಿ. ಹನ್ನೊಂದು ಬೇರೆ ಬೇರೆ ಹೆಸರಿನಲ್ಲಿ ಅದೇ ತಪ್ಪು, ಅವೇ ಎರಡು ಚುಕ್ಕಿ. ಒಂದೇ ಅಭಿಪ್ರಾಯ ಹನ್ನೊಂದು ಮಂದಿಗೆ ಬರಬಹುದು, ಒಂದೇ ಬೆರಳತಪ್ಪು ಬರುವುದಿಲ್ಲ. ಇದು ಎಲ್ಲೋ ಬರೆದಿಟ್ಟದ್ದನ್ನು ಎತ್ತಿ ಹಾಕಿದ್ದು. ಅದೇ ಪುಟದ ಕೆಳಗೆ ಇನ್ನೊಂದಿದೆ: 'ಅಕ್ಕಾ ನಿನ್ನ ದನಿ ಭಾಳ ಚಲೋ ಅದ, ಆದ್ರ ಇದು ಅವರ ಧಾಟಿ ಅನಸ್ತದ, ಒಂದ್ ಸಲ ಹೇಳಿಬಿಡು.' ಇದು ನಮ್ಮ ಕಡೆಯ ಒಬ್ಬ ಕೇಳುಗರ ಮಾತು. ಅವರನ್ನು ಬಾಡಿಗೆ ಬಾಯಿ ಎಂದು ಎಣಿಸಿದರೆ ದೊಡ್ಡ ತಪ್ಪಾಗುತ್ತದೆ. ಉತ್ತರ ಕೊಡಬೇಕಾದದ್ದೇ ಅವರಿಗೆ.

ಮಾತಿನ ನಂತರ ಹೊತ್ತು. ಮೂರು ವಿಡಿಯೊ ಆರಿಸಿಕೊಳ್ಳಿ: ಹೊಸದೊಂದು, ಆರು ತಿಂಗಳ ಹಿಂದಿನದೊಂದು, ಎರಡು ವರ್ಷ ಹಳೆಯದೊಂದು. ಕಮೆಂಟನ್ನು 'ಹೊಸದು ಮೊದಲು' ಎಂದು ಜೋಡಿಸಿ. ಯಾರೂ ನೋಡದ ಹಳೆಯ ಹಾಡಿನ ಕೆಳಗೆ ಒಂದೇ ತಾಸಿನಲ್ಲಿ ಇಪ್ಪತ್ತು ಬೈಗುಳ ಬಿದ್ದಿದ್ದರೆ ಯಾರೋ ಪಟ್ಟಿ ಹಿಡಿದು ಇಳಿಯುತ್ತಿದ್ದಾರೆ ಎಂದರ್ಥ. ಯೂಟ್ಯೂಬ್ ಕಮೆಂಟಿಗೆ ಗಂಟೆ-ನಿಮಿಷ ತೋರಿಸುವುದಿಲ್ಲ, '3 ಗಂಟೆಯ ಹಿಂದೆ' ಎನ್ನುತ್ತದೆ. 24 ತಾಸು ದಾಟಿದರೆ '1 ದಿನದ ಹಿಂದೆ' ಆಗಿಬಿಡುತ್ತದೆ, ಆಗ ತಾಸಿನ ಲೆಕ್ಕ ಹೋದಂತೆಯೇ. ಆದ್ದರಿಂದ ಎರಡು ತಾಸಿಗೊಮ್ಮೆ ಬರೆದಿಡಬೇಕು. ಚಾನೆಲ್ ನಿಮ್ಮದೇ ಆದ್ದರಿಂದ ಹೊರಗಿನವರಿಗೆ ಸಿಗದ ಇನ್ನೊಂದು ಸಾಕ್ಷಿಯೂ ನಿಮ್ಮ ಕೈಯಲ್ಲಿದೆ. ಯೂಟ್ಯೂಬ್ ಸ್ಟುಡಿಯೊದ ಅನಲಿಟಿಕ್ಸ್ ತೆರೆದು ಆ ದಿನದ ವ್ಯೂಸ್, ನೋಡಿದ ಹೊತ್ತು, ನೋಡುಗರು ಎಲ್ಲಿಂದ ಬಂದರು ಎಂಬುದನ್ನು ನೋಡಿ. ಕಮೆಂಟು ಏಕಾಏಕಿ ಏರಿ ವ್ಯೂಸ್ ಇದ್ದಲ್ಲೇ ಇದ್ದರೆ, ಹಾಡು ಕೇಳದೆಯೇ ಬರೆದವರು ಇದ್ದಾರೆ. ಆ ಪುಟವನ್ನೂ ಉಳಿಸಿ.

ಮೂರನೆಯದು ಖಾತೆ. ಯೂಟ್ಯೂಬ್ ಚಾನೆಲಿನ ವಿವರದಲ್ಲಿ ಸೇರಿದ ದಿನಾಂಕ ಇರುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಮೂರು ಚುಕ್ಕಿ ಒತ್ತಿ 'ಈ ಖಾತೆಯ ಬಗ್ಗೆ' ತೆರೆದರೆ ಸೇರಿದ ತಿಂಗಳು, ಕೆಲವು ಖಾತೆಗಳಿಗೆ ದೇಶ ಮತ್ತು ಹೆಸರು ಬದಲಿಸಿದ ವಿವರವೂ ಸಿಗುತ್ತದೆ. ಫೇಸ್‌ಬುಕ್ ಪೇಜಿನಲ್ಲಿ 'ಪೇಜ್ ಟ್ರಾನ್ಸ್‌ಪರೆನ್ಸಿ' ನೋಡಿ: ನಿನ್ನೆ ಅಡುಗೆ ಪೇಜ್ ಆಗಿದ್ದದ್ದು ಇವತ್ತು ಟ್ರೋಲ್ ಪೇಜ್ ಆಗಿದ್ದರೆ ಹಳೆಯ ಹೆಸರು ಅಲ್ಲಿ ಬರುತ್ತದೆ. ಒಂದು ಎಚ್ಚರ. ನಮ್ಮ ಕಡೆ ಹುಡುಗರು ಫೋನ್ ಬದಲಿಸಿದಾಗಲೆಲ್ಲ ಪಾಸ್‌ವರ್ಡ್ ಮರೆತು ಹೊಸ ಖಾತೆ ಮಾಡುತ್ತಾರೆ, ದೇವರ ಫೋಟೊ ಇಡುತ್ತಾರೆ, ಮನೆಯವರೆಲ್ಲ ಒಂದೇ ಫೋನ್ ಬಳಸುತ್ತಾರೆ. ಹಾಗಾಗಿ ಖಾತೆ ಹೊಸದು, ಫೋಟೊ ಇಲ್ಲ ಎಂಬುದಷ್ಟರಿಂದಲೇ ನಕಲಿ ಅನ್ನಬೇಡಿ. ಮಾತು, ಹೊತ್ತು, ಖಾತೆ ಮೂರೂ ಒಂದೇ ಕಡೆ ಬೊಟ್ಟು ಮಾಡಿದರೆ ಮಾತ್ರ ಸಾಲು ಎನ್ನಿ.

ಇದರ ನಡುವೆ ಒಂದು ಕಷ್ಟದ ಪ್ರಶ್ನೆಯನ್ನು ಮನೆಯಲ್ಲೇ ಕೂತು ಕೇಳಿಕೊಳ್ಳಬೇಕು. ಧಾಟಿ ನಿಜಕ್ಕೂ ಯಾರದು? ಅದು ಮೊಹರಂ ಪದದ್ದೋ, ಬೀಸುವ ಪದದ್ದೋ, ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವ ಹಳೆಯ ಧಾಟಿಯೋ ಆಗಿದ್ದರೆ ಅದು ಯಾರೊಬ್ಬರ ಸ್ವತ್ತೂ ಅಲ್ಲ. ಆ ಗಾಯಕರದೂ ಅಲ್ಲ, ನಿಮ್ಮ ಮಗಳದೂ ಅಲ್ಲ. ಆದರೆ ಅವರೇ ಬರೆದ ಸಾಲು, ಅವರೇ ಕಟ್ಟಿದ ರಾಗ, ಅವರು ರೆಕಾರ್ಡ್ ಮಾಡಿಸಿದ ಸಂಗೀತ ಎತ್ತಿಕೊಂಡಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆ ಅವರ ಪರ ಇರುತ್ತದೆ. ಹಾಗಿದ್ದಲ್ಲಿ ನಿಜ ಒಪ್ಪಿ ಹೆಸರು ಹಾಕುವುದು ಅಥವಾ ಮಾತುಕತೆಗೆ ಕೂರುವುದು ಮೊದಲ ಕೆಲಸ. ಬೈಗುಳ ದುಡ್ಡಿನದಾಗಿದ್ದರೂ ಆರೋಪ ನಿಜ ಇರಬಹುದು; ಇವೆರಡನ್ನೂ ಕಲಸಬೇಡಿ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ನಿಜ ಮಾನಹಾನಿ ಆಗುವುದಿಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮೊದಲ ಅಪವಾದವೇ ಹೇಳುತ್ತದೆ.

ಸಾಕ್ಷಿ ಉಳಿಸುವುದರಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಮೊದಲು ಸಿಟ್ಟಿನಲ್ಲಿ ರಿಪೋರ್ಟ್ ಹೊಡೆಯುತ್ತಾರೆ, ಡಿಲೀಟ್ ಮಾಡುತ್ತಾರೆ, ಆಮೇಲೆ ಠಾಣೆಗೆ ಬರಿಗೈಯಲ್ಲಿ ಹೋಗುತ್ತಾರೆ. ಉಳಿಸಿಕೊಳ್ಳುವುದು ಮೊದಲು, ರಿಪೋರ್ಟ್ ಆಮೇಲೆ, ಮರೆಮಾಡುವುದು ಕೊನೆಗೆ. ಒಂದು ಶೀಟ್ ಮಾಡಿ ದಿನಾಂಕ, ನೋಡಿದ ಗಂಟೆ, ವಿಡಿಯೊದ ಲಿಂಕ್, ಖಾತೆಯ ಹೆಸರು, ಖಾತೆ ಸೇರಿದ ತಿಂಗಳು, ಕಮೆಂಟಿನ ಪೂರ್ತಿ ಪಠ್ಯ ತಪ್ಪುಗಳ ಸಮೇತ, ಸ್ಕ್ರೀನ್‌ಶಾಟಿನ ಫೈಲ್ ಹೆಸರು ಬರೆಯಿರಿ. ಕಂಪ್ಯೂಟರಿನಲ್ಲಿ ಕಮೆಂಟಿನ ಹೆಸರಿನ ಪಕ್ಕದ ಸಮಯದ ಮೇಲೆ ಒತ್ತಿದರೆ ಆ ಒಂದೇ ಕಮೆಂಟಿನ ಲಿಂಕ್ ಸಿಗುತ್ತದೆ, ಅದನ್ನೂ ಹಾಕಿ. ಹೆಸರನ್ನು ನಾಳೆ ಬದಲಿಸಿಬಿಡುತ್ತಾರೆ. 'ಯುಸಿ' ಎಂದು ಶುರುವಾಗುವ 24 ಅಕ್ಷರದ ಚಾನೆಲ್ ಐಡಿ ಬದಲಾಗುವುದಿಲ್ಲ, ಆದ್ದರಿಂದ ಪೊಲೀಸರಿಗೆ ಬೇಕಾದ್ದು ಅದು. ಸ್ಕ್ರೀನ್‌ಶಾಟ್ ಕತ್ತರಿಸಬೇಡಿ, ಮೇಲಿನ ಗಡಿಯಾರವೂ ಲಿಂಕ್ ಪಟ್ಟಿಯೂ ಕಾಣಬೇಕು. ವಾಟ್ಸ್ಯಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಮೂಲ ವಿವರ ಅಳಿಯುತ್ತದೆ. ತೆಗೆದ ಫೋನಿನಲ್ಲೇ ಮೂಲ ಇರಲಿ, ಪೆನ್‌ಡ್ರೈವಿಗೆ ಒಂದು ಪ್ರತಿ ಹೋಗಲಿ. ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಎರಡು ಭಾಗದ ಪ್ರಮಾಣಪತ್ರ ಬೇಕು: ಒಂದು ಸಾಕ್ಷ್ಯ ಹಾಜರುಪಡಿಸುವ ನೀವು ಕೊಡುವುದು, ಇನ್ನೊಂದು ತಜ್ಞರು ಕೊಡುವುದು. ಎರಡರಲ್ಲೂ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲಿನಿಂದ ಲೆಕ್ಕಹಾಕಿ ಬರುವ ಬೆರಳಚ್ಚಿನಂಥ ಗುರುತು, ಬರೆಯಬೇಕು. ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಹ್ಯಾಶ್ ಬದಲಾಗುತ್ತದೆ, ಹಾಗಾಗಿ ಸ್ಕ್ರೀನ್‌ಶಾಟಿನ ಮೇಲೆ ಕೆಂಪು ವೃತ್ತ ಬಾಣ ಬರೆಯುವುದಿದ್ದರೆ ಬೇರೆ ಪ್ರತಿಯ ಮೇಲೆ ಬರೆಯಿರಿ.

ಇಷ್ಟಾದ ಮೇಲೆ ಸ್ಟುಡಿಯೊ ಸೆಟ್ಟಿಂಗ್‌ನಲ್ಲಿ ತಡೆಹಿಡಿಯುವ ಪದಗಳ ಪಟ್ಟಿಗೆ ಆ ತಪ್ಪು ಕಾಗುಣಿತದ 'ಕಲಾವಿಧರಿಂದ' ಪದವನ್ನೇ ಸೇರಿಸಿ. ಸರಿಯಾಗಿ ಬರೆಯುವ ಕೇಳುಗರಿಗೆ ತೊಂದರೆ ಆಗುವುದಿಲ್ಲ, ಎತ್ತಿ ಹಾಕುವವರದು ಮಾತ್ರ ನಿಲ್ಲುತ್ತದೆ. ಕಮೆಂಟ್ ವಿಭಾಗವನ್ನೇ ಮುಚ್ಚಬೇಡಿ. 'ಹೆದರಿ ಮುಚ್ಚಿದಳು' ಎಂಬ ಮುಂದಿನ ವಿಡಿಯೊಗೆ ವಸ್ತು ಕೊಟ್ಟಂತಾಗುತ್ತದೆ.

ಫೋಟೊ ತಿರುಚಿದ್ದು, ಆಕೆಯ ಹೆಸರಿನಲ್ಲಿ ನಕಲಿ ಖಾತೆ ಇದ್ದರೆ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮದ ಪ್ರಕಾರ ನಗ್ನತೆ, ತಿರುಚಿದ ಚಿತ್ರ, ವೇಷ ಹಾಕಿದ ಖಾತೆಯ ಬಗ್ಗೆ ತೊಂದರೆಗೊಳಗಾದವರೇ ಅಥವಾ ಅವರ ಪರವಾಗಿ ಒಬ್ಬರು ದೂರು ಕೊಟ್ಟರೆ ಅದನ್ನು ತೆಗೆಯಲು ಮೊದಲು 24 ತಾಸು ಇತ್ತು, 2026ರ ಫೆಬ್ರುವರಿಯ ತಿದ್ದುಪಡಿಯ ನಂತರ 2 ತಾಸು ಮೀರುವಂತಿಲ್ಲ. 'ತೊಂದರೆಗೊಳಗಾದವರೇ' ಎಂಬುದನ್ನು ಗಮನಿಸಿ: ನೂರು ಅಭಿಮಾನಿಗಳು ರಿಪೋರ್ಟ್ ಒತ್ತುವುದಕ್ಕಿಂತ ಮಗಳು ಬರೆದ ಒಂದು ದೂರಿಗೆ ತೂಕ ಹೆಚ್ಚು. ಉತ್ತರ ಸಮಾಧಾನ ತರದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ತೆಗೆದುಹಾಕಿದ ಬರಹವನ್ನೂ ರದ್ದಾದ ಖಾತೆಯ ನೋಂದಣಿ ವಿವರವನ್ನೂ ಸಂಸ್ಥೆ 180 ದಿನ ಇಟ್ಟುಕೊಂಡಿರಬೇಕು ಎಂಬ ನಿಯಮವೂ ಅದರಲ್ಲೇ ಇದೆ. ಪೊಲೀಸರು ಕೇಳುವುದು ಆ ಅವಧಿಯೊಳಗೆ ಆಗಬೇಕು. ಅದಕ್ಕೇ ದೂರನ್ನು 'ನೋಡೋಣ' ಎಂದು ಮುಂದೂಡಬೇಡಿ.

ಠಾಣೆಯ ಮಾತಿಗೆ ಬಂದರೆ, 'ಮಾನಹಾನಿ ಆಗಿದೆ' ಎಂದಷ್ಟೇ ಬರೆದುಕೊಂಡು ಹೋದರೆ ಒಂದು ಸ್ವೀಕೃತಿ ಚೀಟಿ ಸಿಗುತ್ತದೆ, ಅಷ್ಟೇ. ಅದು ಪೊಲೀಸರ ಉದಾಸೀನ ಅಲ್ಲ. 356ನೇ ಕಲಮು ಅಸಂಜ್ಞೇಯ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಅವರು ತನಿಖೆ ಮಾಡುವಂತಿಲ್ಲ. ಮಾನಹಾನಿಗೆ ವಕೀಲರ ಮೂಲಕ ಕೋರ್ಟಿನಲ್ಲೇ ಖಾಸಗಿ ದೂರು ಹಾಕಬೇಕು. '66ಎ ಹಾಕಿಸ್ತೀವಿ' ಎಂದು ಇನ್ನೂ ಹೇಳುವವರಿದ್ದಾರೆ. ಆನ್‌ಲೈನಿನಲ್ಲಿ ಮನನೋಯಿಸುವ ಸಂದೇಶಕ್ಕೆ ಶಿಕ್ಷೆ ಹೇಳಿದ್ದ ಐಟಿ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಹಾಗಾದರೆ ದೂರಿನಲ್ಲಿ ಏನಿರಬೇಕು? ಕಮೆಂಟುಗಳನ್ನು ಬಗೆಬಗೆಯಾಗಿ ಬೇರೆ ಮಾಡಿ. ಆಕೆಯ ಹೆಸರು-ಫೋಟೊ ಹಾಕಿಕೊಂಡ ನಕಲಿ ಖಾತೆ ಒಂದು ಬಗೆ, ಅದಕ್ಕೆ ಐಟಿ ಕಾಯ್ದೆಯ 66ಸಿ, 66ಡಿ ಪರಿಶೀಲಿಸಲು ಕೇಳಿ. ಅಶ್ಲೀಲ ಬರಹ, ಚಿತ್ರಕ್ಕೆ 67. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ನ್ಯಾಯ ಸಂಹಿತೆಯ 79, ಬೆನ್ನುಹತ್ತಿ ಕಾಡುವುದಕ್ಕೆ 78, ಕೊಲ್ತೀವಿ ಎತ್ತಾಕೊಂಡು ಹೋಗ್ತೀವಿ ಎಂಬ ಬೆದರಿಕೆಗೆ 351. ಪರಿಶಿಷ್ಟ ಜಾತಿ-ಪಂಗಡದವರ ಮೇಲೆ ಜಾತಿ ಎತ್ತಿ ಬೈದಿದ್ದರೆ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ, ಅದರಲ್ಲಿ ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆಯ ನೆಪ ಹೇಳುವಂತಿಲ್ಲ. ಐಟಿ ಕಾಯ್ದೆಯ ತನಿಖೆಯನ್ನು ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರು ಮಾಡುವಂತಿಲ್ಲವಾದ್ದರಿಂದ ಯಾದಗಿರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗುವುದು ಒಳ್ಳೆಯದು. ದೂರ ಅನಿಸಿದರೆ ಹತ್ತಿರದ ಠಾಣೆಯಲ್ಲೂ ಕೊಡಬಹುದು. ವ್ಯಾಪ್ತಿ ನಮ್ಮದಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. 1930 ಹಣದ ವಂಚನೆಗೆ ಇರುವ ಸಂಖ್ಯೆ, ಇದಕ್ಕೆ ಅಲ್ಲಿ ಹೊತ್ತು ಕಳೆಯಬೇಡಿ.

ಪಟ್ಟಿ ಇದ್ದರೆ ಕೆಲಸ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ನಮ್ಮದೇ ಉದಾಹರಣೆ ಇದೆ. 2025ರ ಜುಲೈನಲ್ಲಿ ನಟಿ ರಮ್ಯಾ ತಮಗೆ ಅಶ್ಲೀಲ ಸಂದೇಶ ಕಳಿಸಿದವರ ವಿರುದ್ಧ ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟಾಗ 'ಯಾರೋ ಅಭಿಮಾನಿಗಳು' ಎಂದು ಬಿಡಲಿಲ್ಲ. 43 ಖಾತೆಗಳ ವಿವರ ಕೊಟ್ಟರು. ಬಂಧನಗಳೂ ಆದವು.

ಮಾನಹಾನಿಯ ಸಿವಿಲ್ ದಾವೆಗೆ ಗಡುವು ಚಿಕ್ಕದು: ಬರಹ ಪ್ರಕಟವಾದ ದಿನದಿಂದ ಒಂದೇ ವರ್ಷ. ಕ್ರಿಮಿನಲ್ ಮಾನಹಾನಿಗೆ ಮೂರು ವರ್ಷ. 'ನಮ್ಮ ಬಗ್ಗೆ ಯಾರೂ ಏನೂ ಬರೆಯಬಾರದು' ಎಂದು ಸಾರಾಸಗಟು ತಡೆ ಕೇಳಬೇಡಿ. ವಿಚಾರಣೆಗೆ ಮುಂಚೆಯೇ ಬಾಯಿ ಮುಚ್ಚಿಸುವ ಆದೇಶವನ್ನು ಹಗುರವಾಗಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಕೆಳಗಿನ ಕೋರ್ಟುಗಳಿಗೆ ಎಚ್ಚರಿಸಿದೆ. ಇಂತಿಂಥ ಲಿಂಕು, ಇಂತಿಂಥ ವಾಕ್ಯ ಎಂದು ಪಟ್ಟಿ ಕೊಟ್ಟು ಕೇಳಿದರೆ ನಿಮ್ಮ ವಾದ ಕೋರ್ಟಿನಲ್ಲಿ ನಿಲ್ಲುತ್ತದೆ. ಇನ್ನು ಹತ್ತೇ ಮಂದಿ ನೋಡಿದ ವಿಡಿಯೊ ಮೇಲೆ ದಾವೆ ಹಾಕಲೇಬೇಡಿ. 2003ರಲ್ಲಿ ಗಾಯಕಿ ಬಾರ್ಬ್ರಾ ಸ್ಟ್ರೈಸಂಡ್ ತಮ್ಮ ಮನೆಯ ವಿಮಾನಚಿತ್ರ ತೆಗೆಸಲು 5 ಕೋಟಿ ಡಾಲರ್ ದಾವೆ ಹಾಕಿದರು. ಅದಕ್ಕೆ ಮುಂಚೆ ಆ ಚಿತ್ರವನ್ನು ಇಳಿಸಿಕೊಂಡದ್ದು ಆರೇ ಸಲ, ಅದರಲ್ಲಿ ಎರಡು ಅವರ ವಕೀಲರದೇ. ದಾವೆಯ ಸುದ್ದಿ ಹಬ್ಬಿದ ತಿಂಗಳು ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಅದನ್ನು ನೋಡಲು ಹೋದರು.

ಮಗಳು ಒಂದೇ ಸಲ ಮಾತಾಡಲಿ. ಒಂದು ನಿಮಿಷ ಸಾಕು. ಧಾಟಿ ಎಲ್ಲಿಂದ ಕಲಿತೆ, ಯಾರು ಕಲಿಸಿದರು, ಮೊದಲು ಎಲ್ಲಿ ಯಾವಾಗ ಹಾಡಿದೆ ಎಂಬುದನ್ನು ಹೇಳಿ, ಹಳೆಯ ರೆಕಾರ್ಡಿಂಗ್ ಇದ್ದರೆ ತೋರಿಸಿ, ಮುಗಿಸಲಿ. ಅಳಬಾರದು, ಆ ಗಾಯಕರ ಹೆಸರೆತ್ತಿ 'ಅವರೇ ಮಾಡಿಸಿದ್ದು' ಎನ್ನಬಾರದು. ಮಾಡಿಸಿದ್ದು ಅವರೋ, ಅವರ ಹೆಸರಿನಲ್ಲಿ ವ್ಯೂಸ್ ದುಡಿಯುವ ಪೇಜಿನವನೋ ನಿಮಗಿನ್ನೂ ಗೊತ್ತಿಲ್ಲ; ಅಂದುಬಿಟ್ಟರೆ ಮಾನಹಾನಿಯ ನೋಟಿಸು ನಿಮ್ಮ ಮನೆಗೆ ಬರುತ್ತದೆ. ಕಮೆಂಟ್ ಓದುವ ಕೆಲಸ ಆಕೆಯದಲ್ಲ. ಫೋನು ಎರಡು ವಾರ ಇನ್ನೊಬ್ಬರ ಕೈಯಲ್ಲಿರಲಿ. ನಿದ್ದೆ-ಊಟ ಬಿಟ್ಟಿದ್ದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಶುಲ್ಕ ಇಲ್ಲ.

ಈಗ ಆ ಪ್ಯಾಕೇಜ್. ಅವನು ಮಾರುವುದು ಅದೇ ಕೂರಿಗೆ, ಬೇರೆ ಬೀಜ ಅಷ್ಟೇ. 'ಅಕ್ಕ ಸೂಪರ್, ಸತ್ಯಕ್ಕೆ ಜಯ' ಎಂದು ಐನೂರು ಕಮೆಂಟು ಒಂದೇ ರಾತ್ರಿ ಬಿದ್ದರೆ ಆ ವಿಡಿಯೊಗೆ ಇನ್ನಷ್ಟು ಸದ್ದು ಸಿಕ್ಕಿ ಬೈಗುಳವೂ ಇನ್ನಷ್ಟು ಮಂದಿಗೆ ಕಾಣುತ್ತದೆ. ದುಡ್ಡಿನ ಕಮೆಂಟು ಯೂಟ್ಯೂಬಿನ ನಿಯಮಕ್ಕೆ ವಿರುದ್ಧ, ಹೊಡೆತ ಬೀಳುವುದು ಆಕೆಯ ಚಾನೆಲಿಗೆ. ಕೋರ್ಟಿನಲ್ಲಿ ಎದುರಿನ ವಕೀಲರು ನೀವು ಹುಡುಕಿದ ಹಾಗೆಯೇ ನಿಮ್ಮ ಸಾಲನ್ನು ಹುಡುಕುತ್ತಾರೆ.

ಮೆಸೇಜ್ ಉಳಿಸಿ ಎಂದದ್ದಕ್ಕೆ ಕಾರಣ ಬೇರೆ. 2024ರ ಡಿಸೆಂಬರ್‌ನಲ್ಲಿ ಹಾಲಿವುಡ್ ನಟಿ ಬ್ಲೇಕ್ ಲೈವ್ಲಿ, ತಮ್ಮ ಚಿತ್ರದ ನಿರ್ದೇಶಕ ಮತ್ತು ಸಹನಟ ಜಸ್ಟಿನ್ ಬಾಲ್ಡೋನಿ ಕಡೆಯವರು ತಮ್ಮ ಹೆಸರು ಕೆಡಿಸಲು ಪಿಆರ್ (ಪ್ರಚಾರದ ಕೆಲಸ ಮಾಡುವ) ತಂಡ ಇಟ್ಟಿದ್ದರು ಎಂದು ಕ್ಯಾಲಿಫೋರ್ನಿಯಾದಲ್ಲಿ ದೂರು ಕೊಟ್ಟರು. ಬಾಲ್ಡೋನಿ ಅದನ್ನು ಅಲ್ಲಗಳೆದು 40 ಕೋಟಿ ಡಾಲರ್ ಪ್ರತಿದಾವೆ ಹೂಡಿದರು. 2025ರ ಜೂನ್‌ನಲ್ಲಿ ನ್ಯಾಯಾಧೀಶರು ಅದನ್ನು ವಜಾ ಮಾಡಿದರು. ಆ ದೂರಿಗೆ ಬೆನ್ನೆಲುಬಾಗಿದ್ದದ್ದು ಸಾವಿರಾರು ಕಮೆಂಟಲ್ಲ, ಪಿಆರ್ ಕೆಲಸದವರು ತಮ್ಮತಮ್ಮೊಳಗೆ ಕಳಿಸಿಕೊಂಡ ಫೋನ್ ಸಂದೇಶಗಳು. ಯಾರು ಹೇಳಿದರು, ಯಾರು ದುಡ್ಡು ಕೊಟ್ಟರು ಎಂಬುದನ್ನು ಕಮೆಂಟು ಎಂದೂ ಹೇಳುವುದಿಲ್ಲ. ನಿಮ್ಮ ಅಣ್ಣನವರಿಗೆ ರೇಟ್ ಕಾರ್ಡ್ ಕಳಿಸಿದವನು ಗಲಾಟೆ ಎದ್ದ ಮೂರು-ನಾಲ್ಕು ದಿನದಲ್ಲೇ ನಿಮ್ಮ ನಂಬರ್ ಹುಡುಕಿದ್ದಾನೆ. ಮೊದಲ ಸಾಲು ಬಿತ್ತಿದ್ದು ಯಾರು ಎಂಬುದು ಅವನಿಗೆ ಗೊತ್ತಿರಬಹುದು, ಅವನದೇ ಇರಲೂಬಹುದು, ಎರಡೂ ಅಲ್ಲದಿರಬಹುದು. ಅದನ್ನು ಕಂಡುಹಿಡಿಯುವುದು ಇನ್‌ಸ್ಪೆಕ್ಟರರ ಕೆಲಸ. ಅವನಿಗೆ ಬೈದು ಎಚ್ಚರಿಸಬೇಡಿ, ಬ್ಲಾಕ್ ಮಾಡಬೇಡಿ. ನಂಬರ್, ಕರೆ ಬಂದ ದಿನ-ಹೊತ್ತು, ರೇಟ್ ಕಾರ್ಡ್, ಹಣ ಹಾಕಲು ಯುಪಿಐ ಐಡಿ ಕೊಟ್ಟಿದ್ದರೆ ಅದು, ಇವಿಷ್ಟನ್ನು ದೂರಿನ ಮೊದಲ ಪುಟದಲ್ಲೇ ಹಾಕಿ. ಕಮೆಂಟುಗಳ ಪಟ್ಟಿ ಅದರ ಹಿಂದೆ ಬರಲಿ.